ಆಟಕ್ಕೊಂದು ಕೊನೆಯಿರಲಿ

“ಫಾದರ್, ಮೊಬೈಲಿನಲ್ಲಿ ಆಟ ಆಡುವುದು ಪಾಪವೇ?”

ಕಳೆದ ಮಳೆಗಾಲದ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಂದೆ ನನ್ನ ಬಳಿ ಬಂದು ಹೀಗೆ ಕೇಳಿದರು. ಅವರು ಕಾರವಾರದ ಬೈತಖೋಲ ಬಂದರಿನಿಂದ ದೋಣಿಗೆ ಹೋಗುವವರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳ ಖರ್ಚಿಗೆಂದು ಬ್ಯಾಂಕಿನಲ್ಲಿ ಇಟ್ಟಿದ್ದ ಹಣದಲ್ಲಿ ಹನ್ನೊಂದು ಸಾವಿರ ರೂಪಾಯಿ ಕಡಿಮೆಯಾಗಿತ್ತು. ಒಂಬತ್ತನೆಯ ತರಗತಿಯ ಮಗ ತಂದೆಯ ಫೋನಿನಿಂದಲೇ ನೂರು, ಇನ್ನೂರು ಎಂದು ಅದನ್ನು ಒಂದು ಆಟಕ್ಕೆ ಸುರಿದಿದ್ದ.

“ಯಾವ ಆಟ?” ಎಂದು ಕೇಳಿದೆ.

“ಅದೇ ಫಾದರ್, ಮೊಬೈಲ್ ಆಟ. ನಮಗೇನು ತಿಳಿಯುತ್ತದೆ?”

ರಂಪಣಿ ಬಲೆ ಯಾವುದು, ಬೀಸುಬಲೆ ಯಾವುದು, ಎಷ್ಟು ಅಗಲದ ಕಣ್ಣಿಗೆ ಯಾವ ಮೀನು ಸಿಕ್ಕುತ್ತದೆ ಎಂದು ಕೇಳಿದರೆ ಇದೇ ಮನುಷ್ಯ ಒಂದು ಗಂಟೆ ಮಾತಾಡಬಲ್ಲರು. ಮಗ ಸಿಕ್ಕಿಕೊಂಡ ಬಲೆಯ ಹೆಸರು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಇದು ಅವರೊಬ್ಬರ ತಪ್ಪಲ್ಲ. ಕಾರವಾರ, ಅಂಕೋಲಾದ ನಮ್ಮ ಬಹುಪಾಲು ಮನೆಗಳ ಸ್ಥಿತಿ ಇದೇ. ಆದ್ದರಿಂದ, ಪ್ರಿಯ ಓದುಗರೇ, ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಈ ವಾರ ಇದೇ ವಿಷಯವನ್ನು ಪಾಠವಾಗಿ ತೆಗೆದುಕೊಳ್ಳುತ್ತಿದ್ದೇನೆ.

ಆಟ ಬೇಕೇ ಬೇಕು

ಮೊದಲು ಪ್ರಶ್ನೆಗೆ ಉತ್ತರ. ಆಟ ಪಾಪವಲ್ಲ. 13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಆಟದ ಬಗ್ಗೆಯೇ ಕೆಲವು ಪ್ರಶ್ನೆಗಳನ್ನು ಎತ್ತಿಕೊಂಡಿದ್ದಾರೆ. ಅಲ್ಲಿ ಅವರು ಒಂದು ಹಳೆಯ ಕಥೆ ನೆನಪಿಸುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಮುಜುಗರಪಟ್ಟರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದ ಒಬ್ಬನಿಗೆ ಯೊವಾನ್ನರು ಮತ್ತೆ ಮತ್ತೆ ಬಾಣ ಬಿಡಲು ಹೇಳಿ, ಹೀಗೆಯೇ ಬಿಡುತ್ತಾ ಇರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿಯುತ್ತದೆ ಎಂದ ಆತ. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು.

ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಆಟದಲ್ಲಿ ಅತಿ ಮಾಡುವುದು ದೋಷ. ತಾನೂ ನಗದೆ, ನಗುವವರಿಗೂ ಅಡ್ಡಬರುವ ಗಂಟುಮುಖವೂ ದೋಷ. ಆಟಕ್ಕೆ ಅವರು ಮೂರು ಎಚ್ಚರಿಕೆ ಹೇಳುತ್ತಾರೆ: ಅದರ ಸಂತೋಷ ಅಸಭ್ಯವಾದುದರಲ್ಲಿ ಅಥವಾ ಇನ್ನೊಬ್ಬರಿಗೆ ಹಾನಿ ಮಾಡುವುದರಲ್ಲಿ ಇರಬಾರದು, ಆಡುವವನು ಮನಸ್ಸಿನ ಹಿಡಿತವನ್ನು ಪೂರ್ತಿ ಕಳೆದುಕೊಳ್ಳಬಾರದು, ವ್ಯಕ್ತಿ, ಕಾಲ, ಸ್ಥಳಗಳಿಗೆ ಆಟ ಹೊಂದಬೇಕು. ಈ ಮೂರು ಅಳತೆಗೋಲುಗಳನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ಎಲ್ಲ ಆಟವೂ ಒಂದೇ ಅಲ್ಲ

‘ಮೊಬೈಲ್ ಆಟ’ ಎಂಬುದು ‘ಮೀನು’ ಎಂದಂತೆ. ಬಂಗಡೆಯೂ ಮೀನು, ಶಾರ್ಕೂ ಮೀನು.

ಒಗಟಿನ ಆಟಗಳಿವೆ. ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ‘ಟೆಟ್ರಿಸ್’ ಆಟವನ್ನು 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ರಚಿಸಿದರು. ಹಾರಿ, ಜಿಗಿದು ದಾರಿ ದಾಟುವ ಆಟಗಳಿವೆ. 1985ರ ‘ಸೂಪರ್ ಮಾರಿಯೋ’ ಇವುಗಳ ಹಿರಿಯಣ್ಣ. ಕಾರು ಓಡಿಸುವ, ಕ್ರಿಕೆಟ್ ಆಡುವ ಆಟಗಳಿವೆ. ಸೈನ್ಯ, ಊರು, ಬೆಳೆಗಳನ್ನು ಲೆಕ್ಕಹಾಕಿ ನಡೆಸುವ ತಂತ್ರದ ಆಟಗಳಿವೆ. ಇಟ್ಟಿಗೆಯಂಥ ಚೌಕಗಳಿಂದ ಏನು ಬೇಕಾದರೂ ಕಟ್ಟುವ ‘ಮೈನ್‌ಕ್ರಾಫ್ಟ್’ ಇದೆ. ಕಥೆ ಹೇಳುವ ಆಟಗಳಿವೆ. ಪುಣೆಯ ಒಂದು ಚಿಕ್ಕ ತಂಡ 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟದಲ್ಲಿ ಹುಡುಗಿಯೊಬ್ಬಳು ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹೊರಡುತ್ತಾಳೆ. ಕೊನೆಗೆ, ನೂರು ಮಂದಿ ಒಂದು ದ್ವೀಪಕ್ಕಿಳಿದು ಒಬ್ಬರನ್ನೊಬ್ಬರು ಹೊಡೆದು, ಕಡೆಗೆ ಉಳಿದವನು ಗೆಲ್ಲುವ ಆಟ. 2017ರ ‘ಪಬ್‌ಜಿ’ಯಿಂದ ನಮ್ಮ ಹುಡುಗರಲ್ಲಿ ಹಬ್ಬಿದ್ದು ಇದೇ.

ಇವು ಆಕಾಶದಿಂದ ಬಿದ್ದವಲ್ಲ. ನಮ್ಮ ಅಜ್ಜಿಯರ ಚೆನ್ನೆಮಣೆ ಎಣಿಕೆಯ ಆಟ. ಜಗಲಿಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಆಡುತ್ತಿದ್ದ ಹುಲಿ-ಕುರಿ ಆಟ ತಂತ್ರದ ಆಟ. ಚದುರಂಗವಂತೂ ನೇರ ಯುದ್ಧವೇ.

ಹಾಗಾದರೆ ಗುಂಡು ಹಾರಿಸುವ ಆಟ? ಅದನ್ನು ಆಡಿದವರೆಲ್ಲ ಕ್ರೂರಿಗಳಾಗುತ್ತಾರೆ ಎಂದು ನಾನು ಪೀಠದಿಂದ ಹೇಳಲಾರೆ. ಈ ವಿಷಯದಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ಆದರೆ ರಕ್ತ ಚಿಮ್ಮುವುದನ್ನೇ ರುಚಿಯಾಗಿ ಬಡಿಸುವ ಆಟ ಹತ್ತು ವರ್ಷದ ಮಗುವಿಗೆ ಹೊಂದುವುದಿಲ್ಲ ಎನ್ನಲು ಪಂಡಿತರು ಬೇಕಿಲ್ಲ. ವ್ಯಕ್ತಿಗೆ ತಕ್ಕ ಆಟ ಎಂಬ ಅಕ್ವಿನಾಸರ ಮಾತೇ ಸಾಕು.

ಕೊನೆಯಿಲ್ಲದ ಆಟ

ನನ್ನ ದೃಷ್ಟಿಯಲ್ಲಿ ಆಟದ ಜಾತಿಗಿಂತ ಅದನ್ನು ಕಟ್ಟಿದ ರೀತಿ ಮುಖ್ಯ. ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ.

ನಾನು ಹುಡುಗನಾಗಿದ್ದಾಗ ಪೇಟೆಯ ಒಂದು ಅಂಗಡಿಯಲ್ಲಿ ಟಿವಿಗೆ ಜೋಡಿಸಿದ ವಿಡಿಯೋ ಗೇಮ್ ಇತ್ತು. ಗಂಟೆಗೆ ಇಷ್ಟು ಎಂದು ಬಾಡಿಗೆ. ಒಂದು ದಿನ ತಾಯಿ ಮೀನು ತರಲು ಕೊಟ್ಟ ಹಣವನ್ನು ಪೂರ್ತಿ ಅಲ್ಲಿ ಕಳೆದು, ಮೀನು ಸಿಕ್ಕಲಿಲ್ಲ ಎಂದು ಸುಳ್ಳು ಹೇಳಿದೆ. ಅಂದು ಮಧ್ಯಾಹ್ನ ಎಲ್ಲರೂ ಉಪ್ಪಿನಕಾಯಿಯಲ್ಲಿ ಉಂಡೆವು. ತಾಯಿಗೆ ಗೊತ್ತಾಗಿತ್ತೆಂದು ತಿಳಿದದ್ದು ನಾನು ಗುರುಮಠ ಸೇರಿದ ಮೇಲೆ.

ಆದರೂ ಆ ಆಟ ನನ್ನನ್ನು ನುಂಗಲಿಲ್ಲ. ಏಕೆಂದರೆ ಅದಕ್ಕೆ ಕೊನೆಯಿತ್ತು. ಜೇಬಿನ ಹಣ ಮುಗಿಯುತ್ತಿತ್ತು. ಕರೆಂಟು ಹೋಗುತ್ತಿತ್ತು. ಅಂಗಡಿಯವನು ಬಾಗಿಲು ಹಾಕುತ್ತಿದ್ದ. ಮಾರಿಯೋನ ಆಟಕ್ಕೂ ಎಂಟು ಲೋಕಗಳು, ಅಷ್ಟೇ. ಎಂಟನೆಯದು ದಾಟಿದರೆ ರಾಜಕುಮಾರಿ ಸಿಕ್ಕಿದಳು, ಆಟ ಮುಗಿಯಿತು. ಅದನ್ನು ರೂಪಿಸಿದ ಜಪಾನಿನ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಊರ ಸುತ್ತಲ ಗುಡ್ಡ, ಗುಹೆಗಳಲ್ಲಿ ಅಲೆದವರು. ಆ ಅಲೆದಾಟದ ಬೆರಗನ್ನೇ 1986ರ ‘ಜೆಲ್ಡಾ’ ಆಟದಲ್ಲಿ ತುಂಬಿದೆ ಎಂದು ಹೇಳಿಕೊಂಡಿದ್ದಾರೆ. ಒಳ್ಳೆಯ ಆಟ ಹೀಗೆ ಮನುಷ್ಯನ ಸಂತೋಷದಿಂದ ಹುಟ್ಟುತ್ತದೆ.

ಇಂದು ಫೋನಿನಲ್ಲಿ ‘ಉಚಿತ’ವಾಗಿ ಸಿಗುವ ಹಲವು ಆಟಗಳಿಗೆ ಕೊನೆಯೇ ಇಲ್ಲ. ಅವುಗಳ ಕೌಶಲ ನೋಡಿ. ದಿನವೂ ಬಂದರೆ ಬಹುಮಾನ. ಒಂದು ದಿನ ತಪ್ಪಿದರೆ ನಷ್ಟ. ರೂಪಾಯಿಯನ್ನು ಮೊದಲು ವಜ್ರವಾಗಿಯೋ ನಾಣ್ಯವಾಗಿಯೋ ಬದಲಿಸಿಕೊಳ್ಳಬೇಕು. ಅದರಿಂದ ಎಷ್ಟು ಖರ್ಚಾಯಿತೆಂದು ಮಗುವಿಗೆ ತಿಳಿಯುವುದಿಲ್ಲ. ‘ಇನ್ನು ಎರಡೇ ಗಂಟೆ’ ಎಂಬ ಅವಸರದ ಮಾರಾಟ. ಎಲ್ಲಕ್ಕಿಂತ ಮಿಗಿಲಾದದ್ದು ಅದೃಷ್ಟದ ಪೆಟ್ಟಿಗೆ: ಹಣ ಕೊಟ್ಟು ತೆರೆದರೆ ಏನು ಬರುತ್ತದೋ ಗೊತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಕುಕ್ಕಿದಾಗಲೆಲ್ಲ ಕಾಳು ಸಿಕ್ಕುವ ಹಕ್ಕಿ, ಕಾಳು ನಿಂತರೆ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗ ಸಿಕ್ಕೀತೆಂದು ತಿಳಿಯದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಮಟ್ಕಾ ಚೀಟಿಯ ಗುಟ್ಟೂ ಇದೇ. ನಮ್ಮ ರಾಜ್ಯ 2007ರಲ್ಲಿ ಲಾಟರಿ ನಿಲ್ಲಿಸಿತು. ಬೆಲ್ಜಿಯಂ ದೇಶವು 2018ರಲ್ಲಿ ಹಣಕ್ಕೆ ಮಾರುವ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು.

ಉದ್ಯಮ ಮತ್ತು ಕಾನೂನು

ಆಟ ಕಟ್ಟುವವರೆಲ್ಲ ದುಷ್ಟರೆಂದು ತಿಳಿಯಬೇಡಿ. ನಮ್ಮ ಬೆಂಗಳೂರಿನಲ್ಲೇ 1997ರಲ್ಲಿ ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಆರಂಭಿಸಿದರು. ದೇಶದ ಮೊದಲ ಆಟ-ಕಂಪನಿಗಳಲ್ಲಿ ಅದೊಂದು. ಹೊರದೇಶದ ಆಟಗಳಿಗೆ ಚಿತ್ರಗಳನ್ನು ರೂಪಿಸಿಕೊಡುತ್ತಾ ಬೆಳೆದ ಅದನ್ನು 2019ರಲ್ಲಿ ಅಮೆರಿಕದ ‘ರಾಕ್‌ಸ್ಟಾರ್ ಗೇಮ್ಸ್’ ಕೊಂಡಿತು. ಚಿತ್ರಕಲೆ, ಸಂಗೀತ, ಗಣಿತ ಬಲ್ಲ ನಮ್ಮ ಕರಾವಳಿಯ ಮಕ್ಕಳಿಗೆ ಇದೂ ಒಂದು ಮರ್ಯಾದೆಯ ದುಡಿಮೆ.

ಆದರೆ ‘ಉಚಿತ’ ಆಟದ ವ್ಯಾಪಾರವನ್ನು ತಿಳಿದಿರಬೇಕು. ಅಲ್ಲಿ ಆಡುವವರಲ್ಲಿ ಹೆಚ್ಚಿನವರು ಒಂದು ಪೈಸೆಯನ್ನೂ ಕೊಡುವುದಿಲ್ಲ. ಕೆಲವರು ಮಾತ್ರ ವಿಪರೀತ ಕೊಡುತ್ತಾರೆ. ಆ ಕೆಲವರಿಗೆ ಈ ಉದ್ಯಮದವರು ಇಟ್ಟ ಹೆಸರು ‘ತಿಮಿಂಗಿಲ’. ನಾನು ಇದನ್ನು ಹೇಳಿದಾಗ ಆ ತಂದೆ ಬಹಳ ಹೊತ್ತು ಸುಮ್ಮನಿದ್ದರು. 2022ರಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗವು ‘ಫೋರ್ಟ್‌ನೈಟ್’ ಆಟದ ಕಂಪನಿಯ ಮೇಲೆ, ಆಟಗಾರರು ತಿಳಿಯದೆ ಹಣ ತೆರುವಂತೆ ಗುಂಡಿಗಳನ್ನು ಜೋಡಿಸಿದೆ ಎಂಬ ಆರೋಪ ಹೊರಿಸಿತು, ಕಂಪನಿ 24.5 ಕೋಟಿ ಡಾಲರ್ ಹಿಂತಿರುಗಿಸಲು ಒಪ್ಪಿತು.

ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ತಡೆಹಿಡಿದದ್ದು ದೇಶದ ಭದ್ರತೆಯ ಕಾರಣಕ್ಕೆ. 2021ರಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು. ಕರ್ನಾಟಕ 2021ರಲ್ಲಿ ಹಣವೊಡ್ಡುವ ಆನ್‌ಲೈನ್ ಆಟಗಳ ವಿರುದ್ಧ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾನೂನನ್ನು ಅಂಗೀಕರಿಸಿತು. ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆನ್‌ಲೈನ್ ಆಟ, ಅದು ಅದೃಷ್ಟದ್ದಿರಲಿ ಕೌಶಲದ್ದಿರಲಿ, ನಡೆಸಕೂಡದು ಎಂಬುದು ಅದರ ಸಾರ.

ಆದರೆ ಈ ಹುಡುಗ ಹಣ ಗೆಲ್ಲಲು ಆಡಲಿಲ್ಲ. ತನ್ನ ಪಾತ್ರಕ್ಕೆ ಬಣ್ಣದ ಅಂಗಿ ಕೊಂಡ, ಅಷ್ಟೇ. ಜೂಜು ತಡೆಯುವ ಕಾನೂನು ಈ ಖರ್ಚನ್ನು ತಡೆಯುವುದಿಲ್ಲ. ಅಲ್ಲಿಂದ ಮುಂದೆ ಕಾಯಬೇಕಾದದ್ದು ಮನೆ.

ಆ ಮನೆಯಲ್ಲಿ ನಡೆದದ್ದು

ತಂದೆಗೆ ನಾನು ಹೇಳಿದ್ದು ಇಷ್ಟೇ: “ಫೋನ್ ಒಡೆಯಬೇಡಿ. ಹುಡುಗನ ಪಕ್ಕದಲ್ಲಿ ಕೂತು, ಆ ಆಟ ನಿಮಗೂ ಕಲಿಸಲು ಹೇಳಿ.” ಅವರಿಗೆ ಈ ಮಾತು ರುಚಿಸಲಿಲ್ಲ. ಆದರೂ ಹೋಗಿ ಕೂತರು.

ಎರಡು ವಾರ ಕಳೆದು ಬಂದವರು ಹೇಳಿದರು: “ಫಾದರ್, ಅದರಲ್ಲಿ ದುಡ್ಡು ಕೊಡದವನಿಗೆ ಒಂದೇ ಮಾಸಲು ಅಂಗಿ. ಇವನ ಗುಂಪಿನ ಹುಡುಗರು ಇವನನ್ನು ಭಿಕಾರಿ ಎಂದು ಕರೆಯುತ್ತಿದ್ದರಂತೆ. ಶಾಲೆಯಲ್ಲೂ ಅದೇ ಹೆಸರು. ನನ್ನ ಹತ್ತಿರ ಹೇಳಲೇ ಇಲ್ಲ.”

ಹನ್ನೊಂದು ಸಾವಿರ ರೂಪಾಯಿ ಹೋದದ್ದು ಆಟದ ಚಟಕ್ಕೆ ಎಂದು ನಾವಿಬ್ಬರೂ ತಿಳಿದಿದ್ದೆವು. ಅದು ಹೋದದ್ದು ಅವಮಾನಕ್ಕೆ. ಆಟ ಕಟ್ಟಿದವರಿಗೆ ಹುಡುಗರ ಈ ನೋವು ಗೊತ್ತಿತ್ತು. ಅದಕ್ಕೊಂದು ಬೆಲೆಯನ್ನೂ ಇಟ್ಟಿದ್ದರು. ಮನೆಯವರಿಗೆ ಗೊತ್ತಿರಲಿಲ್ಲ.

ಹಣದಲ್ಲಿ ಒಂದಷ್ಟು ಮಾತ್ರ ಮರಳಿ ಬಂತು. ಉಳಿದದ್ದಕ್ಕೆ ಹುಡುಗ ಶನಿವಾರ ಮಧ್ಯಾಹ್ನ ತಂದೆಯೊಡನೆ ಹರಿದ ಬಲೆ ನೇಯಲು ಕೂರುತ್ತಾನೆ. ಈಗಲೂ ಆಡುತ್ತಾನೆ, ದಿನಕ್ಕೆ ಮುಕ್ಕಾಲು ಗಂಟೆ, ಜಗಲಿಯಲ್ಲಿ. ಕೆಲವು ದಿನ ಜಗಳವೂ ಆಗುತ್ತದೆ. ಎಲ್ಲ ಸರಿಹೋಯಿತೆಂದು ನಾನು ಬರೆಯಲಾರೆ. ಆದರೆ ತಂದೆ ಮಗ ಮಾತಾಡುತ್ತಿದ್ದಾರೆ.

2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತನಾದ ಕಾರ್ಲೊ ಅಕ್ಯೂಟಿಸ್ ಎಂಬ ಹುಡುಗ ಹದಿನೈದನೆಯ ವಯಸ್ಸಿನಲ್ಲಿ ತೀರಿಕೊಂಡವನು. ಅವನಿಗೂ ವಿಡಿಯೋ ಗೇಮ್ ಇಷ್ಟ. ವಾರಕ್ಕೆ ಒಂದೇ ಗಂಟೆ ಎಂದು ತಾನೇ ಗೆರೆ ಎಳೆದುಕೊಂಡಿದ್ದ. ಆಟಕ್ಕೆ ಕೊನೆಯಿಲ್ಲದಿದ್ದಾಗ ಕೊನೆಯನ್ನು ನಾವೇ ಇಡಬೇಕೆಂದು ಈ ಸಂತ ತೋರಿಸಿಕೊಟ್ಟ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಹಿಡಿತ ತಪ್ಪುವುದು, ಊಟ-ಓದು-ನಿದ್ದೆಗಿಂತ ಆಟವೇ ಮುಂದಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣ. ಸಾಮಾನ್ಯವಾಗಿ ಒಂದು ವರ್ಷ ಹೀಗಿದ್ದರೆ ರೋಗವೆನ್ನುತ್ತಾರೆ. ಅಂಥ ಮಗುವಿಗೆ ಬೈಗುಳದಿಂದ ಗುಣವಾಗದು, ವೈದ್ಯರು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇದಕ್ಕೆಂದು ಪ್ರತ್ಯೇಕ ಚಿಕಿತ್ಸಾ ವಿಭಾಗ ಆರಂಭವಾಯಿತು.

ಈ ವಾರ ಮನೆಯವರೆಲ್ಲ ಕೂತು ಮಾತಾಡಲು

1. ನಮ್ಮ ಮಕ್ಕಳು ಆಡುವ ಆಟದ ಹೆಸರೇನು? ಅದು ಯಾವ ಜಾತಿಯ ಆಟ? ಅವರೇ ನಮಗೆ ಕಲಿಸಲಿ.

2. ಆ ಆಟಕ್ಕೆ ಕೊನೆಯಿದೆಯೇ? ಇಲ್ಲದಿದ್ದರೆ ಎಷ್ಟು ಹೊತ್ತು, ಎಲ್ಲಿ ಕೂತು ಆಡಬೇಕೆಂದು ಎಲ್ಲರೂ ಒಪ್ಪಿದ್ದೇವೆಯೇ?

3. ಆಟದ ಒಳಗೆ ಅಂಗಡಿ ಇದೆಯೇ? ಫೋನಿನ ಹಣದ ಗುಪ್ತಸಂಖ್ಯೆ ಮಕ್ಕಳಿಗೆ ತಿಳಿದಿದೆಯೇ?

4. ಆಟದಲ್ಲಿ ಅಥವಾ ಶಾಲೆಯಲ್ಲಿ ಯಾರಾದರೂ ನಮ್ಮ ಮಗುವನ್ನು ಹೀಯಾಳಿಸುತ್ತಿದ್ದಾರೆಯೇ?

5. ಹಿರಿಯರಾದ ನಾವು ಊಟದ ಹೊತ್ತಿಗೆ ಫೋನ್ ಕೆಳಗಿಡುತ್ತೇವೆಯೇ?

ಬೀದಿಗಳಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಆಡುತ್ತಿರುವ ನಗರವನ್ನು ಪ್ರವಾದಿ ಜೆಕರ್ಯ ದೇವರ ಆಶೀರ್ವಾದದ ಗುರುತೆಂದು ಕಂಡರು. ನಮ್ಮ ಮಕ್ಕಳೂ ಆಡಲಿ. ಅವರು ಯಾವ ಬೀದಿಯಲ್ಲಿ ಆಡುತ್ತಿದ್ದಾರೆಂದು ನಮಗೆ ಗೊತ್ತಿರಲಿ.