ಲಡಾಖಿನ ಚಳಿಯಲ್ಲಿ ಹಸಿರು ಸೊಪ್ಪು

ದಿಲ್ಲಿಯ ಚಳಿಯನ್ನೇ ದುಸ್ಸಹವೆಂದು ಬಗೆಯುವವರಿಗೆ ಲೇಹದ ಸಂಗತಿ ಅಚ್ಚರಿ ತರಬಹುದು. ಸುಮಾರು 3,500 ಮೀಟರ್ ಎತ್ತರದ ಆ ಊರಿನಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಘಟ್ಟದ ದಾರಿಗಳು ಹಿಮದಿಂದ ಮುಚ್ಚಿದಾಗ ತಾಜಾ ಸೊಪ್ಪು ದುರ್ಲಭ. ಒಣಗಿಸಿಟ್ಟ ಸೊಪ್ಪಿನಲ್ಲಿ 'ಸಿ' ಜೀವಸತ್ವ ಬಹುಪಾಲು ನಷ್ಟವಾಗಿರುತ್ತದೆ.

ಇದಕ್ಕೆ ಅಲ್ಲಿ ಬಳಕೆಗೆ ಬಂದಿರುವ ಉಪಾಯ, ಬೆಂಕಿಯ ಕಾವಿಲ್ಲದ ಹಸಿರುಮನೆ. ದಕ್ಷಿಣಕ್ಕೆ ಪ್ಲಾಸ್ಟಿಕ್ ಹಾಳೆಯ ಇಳಿಜಾರು ಹೊದಿಕೆ, ಉಳಿದ ಮೂರು ಕಡೆ ದಪ್ಪ ಮಣ್ಣಿನ ಗೋಡೆ. ಹಗಲು ಬಿಸಿಲನ್ನು ಹೀರಿದ ಗೋಡೆ ಇರುಳಿನಲ್ಲಿ ಆ ಶಾಖವನ್ನು ಒಳಗೆ ಬಿಡುತ್ತದೆ. ಸಂಜೆ ಹೊದಿಕೆಗೆ ದಪ್ಪ ಬಟ್ಟೆಯ ಪರದೆ ಎಳೆಯಲು ಮರೆತರೆ ಒಂದೇ ರಾತ್ರಿಯಲ್ಲಿ ಎಳೆಯ ಸಸಿಗಳು ಹಾಳಾಗಬಹುದು. ನಡುಹಗಲು ಕಿಂಡಿ ತೆರೆಯದಿದ್ದರೆ ತೇವ ಹೆಚ್ಚಿ ಬೂಷ್ಟು ಹಿಡಿಯುತ್ತದೆ.

ಫೆಬ್ರವರಿಯಲ್ಲಿ ಬಿಸಿಲು ಬಲಿತಂತೆ ಪಾಲಕ್, ಮೆಂತ್ಯ, ಕೊತ್ತಂಬರಿಗಳು ಬೇಗ ಬೆಳೆಯತೊಡಗುತ್ತವೆ. ಟೊಮ್ಯಾಟೊ, ಬದನೆಗಳು ಆ ಚಳಿಯನ್ನು ತಾಳಲಾರವು. ಪಾಲಕ್ಕನ್ನು ಬುಡಸಹಿತ ಕೀಳದೆ ಹೊರಗಿನ ಎಲೆಗಳನ್ನಷ್ಟೇ ಕೊಯ್ದರೆ ಮತ್ತೆ ಚಿಗುರುತ್ತದೆ.