ಕಾರಣಕ್ಕೆ ಮೊದಲು ಲೆಕ್ಕ ನೋಡಮ್ಮಾ

ಎಂಡಿ ಪ್ರಬಂಧಕ್ಕೆ ಪ್ಯಾಂಕ್ರಿಯಾಸ್ ಕ್ಯಾನ್ಸರನ್ನು ಆರಿಸಿಕೊಂಡಿದ್ದೀ ಎಂದು ನಿಮ್ಮಪ್ಪ ಹೇಳಿದ. ಸಂತೋಷವಾಯಿತು. ಸಮುದಾಯ ವೈದ್ಯಶಾಸ್ತ್ರ ಓದುವವರು ಈ ಕಾಯಿಲೆಯ ತಂಟೆಗೆ ಹೋಗುವುದು ಕಡಿಮೆ. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಾದರೆ ರೋಗಿಗಳು ಬೇಕಾದಷ್ಟು ಸಿಗುತ್ತಾರೆ. ಇಲ್ಲಿ ಸಿಗುವುದೇ ಕಷ್ಟ, ಸಿಕ್ಕವರೂ ಹೆಚ್ಚು ದಿನ ಉಳಿಯುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಈ ರೋಗ ಪತ್ತೆಯಾದವರು ಸುಮಾರು 5.1 ಲಕ್ಷ, ಸತ್ತವರು ಸುಮಾರು 4.67 ಲಕ್ಷ ಎಂಬುದು ಗ್ಲೋಬೋಕ್ಯಾನ್ ಅಂದಾಜು. ರೋಗದ ಸ್ವಭಾವ ಗೊತ್ತಾಗಲು ಈ ಎರಡು ಅಂಕಿ ಸಾಕು.

ನಿನ್ನ ಕರಡು ಓದಿದೆ. ಮೊದಲ ಪುಟದಲ್ಲೇ, ನಮ್ಮಲ್ಲಿ ಈ ಕ್ಯಾನ್ಸರ್ ಅಪರೂಪ, ನಮ್ಮ ಊಟದ ಪದ್ಧತಿಯೇ ಕಾರಣವಿರಬೇಕು ಎಂದು ಬರೆದುಬಿಟ್ಟಿದ್ದೀ. ಅಷ್ಟು ಅವಸರ ಬೇಡಮ್ಮಾ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೂ ನಮ್ಮ ನಗರಗಳ ದರ ಲಕ್ಷಕ್ಕೆ ಎರಡರ ಆಸುಪಾಸು, ಅಮೆರಿಕದ್ದು ಎಂಟರ ಸುಮಾರು, ಅದು ನಿಜ. ಆದರೆ ಆ ಗೌರವವನ್ನು ರಾಗಿಮುದ್ದೆಗೆ ಕೊಡುವ ಮೊದಲು, ಲೆಕ್ಕಕ್ಕೆ ಸಿಗದೆ ಹೋದವರು ಯಾರು ಎಂದು ಕೇಳು.

ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಿದ್ವಾಯಿ ಸಂಸ್ಥೆಯಲ್ಲಿ ಶುರುವಾದದ್ದು 1982ರಲ್ಲಿ. ಐಸಿಎಂಆರ್ ಯೋಜನೆಯಡಿ ಮದರಾಸು, ಬೆಂಗಳೂರು ಒಟ್ಟಿಗೆ ಹೊರಟವು, ಅದಕ್ಕೂ ಮೊದಲೇ ಇದ್ದ ಮುಂಬಯಿಯ ನೋಂದಣಿಯೂ ಆ ಯೋಜನೆಗೆ ಸೇರಿತು. ಆಸ್ಪತ್ರೆಯವರು ತಾವಾಗಿ ಮಾಹಿತಿ ಕಳಿಸುತ್ತಾರೆಂದು ಕೂತರೆ ಆಗುವ ಕೆಲಸವಲ್ಲ ಇದು. ನೋಂದಣಿ ಸಿಬ್ಬಂದಿಯೇ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ, ಜನನ ಮರಣ ಕಚೇರಿಗೆ ಅಲೆದು ಕೇಸ್‌ಶೀಟು ಹುಡುಕಿ ಬರೆದುಕೊಳ್ಳಬೇಕು. ಊರಿನಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರನ್ನು ಮಾತ್ರ ಊರಿನ ದರಕ್ಕೆ ಸೇರಿಸುತ್ತಾರೆ. ರಾಯಚೂರಿನಿಂದ ಚಿಕಿತ್ಸೆಗೆ ಬಂದವರು ಆಸ್ಪತ್ರೆಯ ಲೆಕ್ಕಕ್ಕೆ ಸೇರಿದರು, ಬೆಂಗಳೂರಿನ ದರಕ್ಕೆ ಸೇರಲಿಲ್ಲ. ನಿನ್ನ ಎರಡನೇ ಅಧ್ಯಾಯದಲ್ಲಿ ಈ ಎರಡೂ ಕಲಸಿಹೋಗಿವೆ, ಬಿಡಿಸಿ ಬರೆ.

ಇನ್ನು ಆಸ್ಪತ್ರೆಗೇ ಬರದವರು. ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ಹಿಂದೆ, ಬೆನ್ನಿಗೆ ಅಂಟಿದಂತೆ. ಸ್ಕ್ಯಾನ್ ಇಲ್ಲದೆ ಅದರ ಗಡ್ಡೆ ಕಾಣುವುದಿಲ್ಲ. ಹಳ್ಳಿಯಲ್ಲಿ ಎಪ್ಪತ್ತರ ಮುದುಕರೊಬ್ಬರಿಗೆ ಕಣ್ಣು ಹಳದಿಯಾಯಿತು, ಮೈ ಕೆರೆತ, ಊಟ ಸೇರದು. ಮನೆಯವರು ಕಾಮಾಲೆಗೆ ನಾಟಿ ಔಷಧಿ ಕೊಡಿಸುತ್ತಾರೆ, ಪಥ್ಯ ಮಾಡಿಸುತ್ತಾರೆ. ಎರಡು ಮೂರು ತಿಂಗಳಲ್ಲಿ ಅಜ್ಜ ತೀರಿಕೊಂಡರೆ ಕಾಮಾಲೆಯಿಂದ ಹೋದರು ಎನ್ನುತ್ತಾರೆ, ಇಲ್ಲವೇ ವಯಸ್ಸಾಗಿತ್ತು ಎನ್ನುತ್ತಾರೆ. ಇಂಥವರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಆದ್ದರಿಂದ ಒಂದು ಜಿಲ್ಲೆಗೆ ಸಿಟಿ ಯಂತ್ರ ಬಂದ ಮೇಲೆ ರೋಗ ಹೆಚ್ಚಿದಂತೆ ಕಂಡರೆ, ಹೆಚ್ಚಿದ್ದು ರೋಗವೋ ಪತ್ತೆಯೋ ಎಂದು ವಿಚಾರಿಸು. ಪತ್ತೆಯಾದರೂ ಗೊಂದಲ ತಪ್ಪುವುದಿಲ್ಲ. ಪಿತ್ತನಾಳ ಕರುಳಿಗೆ ಸೇರುವ ಬಾಯಲ್ಲಿ ಹುಟ್ಟಿದ ಗಡ್ಡೆಗೂ ಪ್ಯಾಂಕ್ರಿಯಾಸ್ ತಲೆಯ ಗಡ್ಡೆಗೂ ಲಕ್ಷಣ ಒಂದೇ, ಶಸ್ತ್ರಚಿಕಿತ್ಸೆಯೂ ಅದೇ ವಿಪಲ್. ಕೇಸ್‌ಶೀಟಿನಲ್ಲಿ 'ಪೆರಿಆಂಪುಲರಿ' ಎಂದಷ್ಟೇ ಗೀಚಿದ್ದರೆ ಪ್ಯಾಂಕ್ರಿಯಾಸ್‌ನ ಸಂಕೇತ ಸಿ25 ಹಾಕಬೇಕೋ, ಆ ನಾಳದ ಬಾಯಿಯ ಸಿ24.1 ಹಾಕಬೇಕೋ?

ಕಾರಣ ಹುಡುಕುವ ಅವಸರ ದೊಡ್ಡವರನ್ನೂ ಬಿಟ್ಟಿಲ್ಲ. 1981ರಲ್ಲಿ ಹಾರ್ವರ್ಡ್‌ನ ಬ್ರಯಾನ್ ಮ್ಯಾಕ್‌ಮಹೋನ್ ತಂಡ ಬಾಸ್ಟನ್, ರೋಡ್ ಐಲೆಂಡ್ ಕಡೆಯ ಆಸ್ಪತ್ರೆಗಳಲ್ಲಿ 369 ಮಂದಿ ಪ್ಯಾಂಕ್ರಿಯಾಸ್ ಕ್ಯಾನ್ಸರ್ ರೋಗಿಗಳನ್ನೂ ಹೋಲಿಕೆಗೆಂದು 644 ಮಂದಿ ಬೇರೆ ರೋಗಿಗಳನ್ನೂ ಮಾತಾಡಿಸಿತು. ಕಾಫಿ ಕುಡಿಯುವವರಿಗೇ ಈ ಕ್ಯಾನ್ಸರ್ ಹೆಚ್ಚು, ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಿಗೆ ಕಾಫಿಯೇ ಕಾರಣವಿರಬಹುದು ಎಂಬ ಫಲಿತಾಂಶ ಹೊರಬಿತ್ತು. ಪತ್ರಿಕೆಗಳಿಗೆ ಹಬ್ಬ. (ಚಿಕ್ಕಮಗಳೂರಿನವರು ಆಗ ಅದನ್ನು ನಂಬಿದ್ದರೆ ತೋಟ ಮಾರಬೇಕಿತ್ತು!) ತಪ್ಪು ಎಲ್ಲಿತ್ತು ಗೊತ್ತೇ? ಹೋಲಿಕೆಗೆ ತೆಗೆದುಕೊಂಡವರಲ್ಲಿ ಬಹಳ ಮಂದಿ ಅದೇ ವೈದ್ಯರ ಬಳಿ ಹೊಟ್ಟೆ, ಕರುಳಿನ ತೊಂದರೆಗೆ ಬಂದವರು. ವೈದ್ಯರು ಹೇಳಿಯೋ ಹೊಟ್ಟೆಯುರಿ ತಾಳಲಾರದೆಯೋ ಅವರು ಮೊದಲೇ ಕಾಫಿ ಕಡಿಮೆ ಮಾಡಿದ್ದರು. ಅವರ ಪಕ್ಕದಲ್ಲಿಟ್ಟಾಗ ಕ್ಯಾನ್ಸರ್ ರೋಗಿಗಳು ಕಾಫಿಕುಡುಕರಂತೆ ಕಂಡರು. ಅದೇ ತಂಡ 1986ರಲ್ಲಿ ಮತ್ತೊಂದು ಅಧ್ಯಯನ ಪ್ರಕಟಿಸಿದಾಗ ಹಿಂದಿನ ಬಲವಾದ ನಂಟು ಕಾಣಲಿಲ್ಲ. ನೀನೂ ಹೋಲಿಕೆಯ ಗುಂಪನ್ನು ಗ್ಯಾಸ್ಟ್ರೋ ಓಪಿಡಿಯಿಂದಲೇ ತರುತ್ತೇನೆ ಎಂದಿದ್ದೀ. ಬೇಡ.

ಸಕ್ಕರೆ ಕಾಯಿಲೆಯ ವಿಷಯದಲ್ಲೂ ಹುಷಾರು. ಬಹುಕಾಲದ ಸಕ್ಕರೆ ಕಾಯಿಲೆ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ, ಸರಿ. ಆದರೆ ಕ್ಯಾನ್ಸರೇ ಸಕ್ಕರೆ ಕಾಯಿಲೆ ತರುವುದೂ ಉಂಟು. ಸುರೇಶ್ ಚಾರಿ ಮತ್ತು ಸಂಗಡಿಗರು ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ 2,122 ಜನರ ದಾಖಲೆ ನೋಡಿದರು. ಮೂರು ವರ್ಷದೊಳಗೆ 18 ಮಂದಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾಗಿತ್ತು. ಆದ್ದರಿಂದ 'ಶುಗರ್ ಇದೆಯೇ' ಎಂಬ ಪ್ರಶ್ನೆ ಸಾಲದು, ಯಾವಾಗಿನಿಂದ ಎಂದು ಕೇಳು. ಇದೇ ಚಾರಿಯವರು 1994ರಲ್ಲಿ ಡಾ. ವಿ. ಮೋಹನ್ ಮೊದಲಾದವರೊಂದಿಗೆ, ನಮ್ಮ ದಕ್ಷಿಣ ಭಾರತದ ಕಲ್ಲುಕಟ್ಟುವ ಪ್ಯಾಂಕ್ರಿಯಾಟೈಟಿಸ್ ಇರುವವರಲ್ಲಿ ಈ ಕ್ಯಾನ್ಸರಿನ ಅಪಾಯ ಸುಮಾರು ನೂರು ಪಟ್ಟು ಎಂದು ತೋರಿಸಿದ್ದರು. ಅದು ಬೆರಳೆಣಿಕೆಯ ಪ್ರಕರಣಗಳ ಮೇಲೆ ನಿಂತ ಲೆಕ್ಕ ಎಂಬುದನ್ನು ಮರೆಯಬೇಡ, ಆದರೆ ಬಿಡಲೂಬೇಡ. ಕೇರಳದಲ್ಲಿ ಡಾ. ಗೀವರ್ಗೀಸರು ದಾಖಲಿಸಿದ ಆ ಕಲ್ಲುಕಟ್ಟುವ ರೋಗ ನಮ್ಮ ಕಡೆಯೂ ಉಂಟು. ನಿನ್ನ ಪ್ರಶ್ನಾವಳಿಯಲ್ಲಿ ಅದರ ಸುಳಿವೇ ಇಲ್ಲ, ಹಸಿರು ಚಹಾಕ್ಕೆ ಮಾತ್ರ ಮೂರು ಪ್ರಶ್ನೆ! ಬೀಡಿ, ಸಿಗರೇಟಿಗೆ ಒಂದೇ. ಧೂಮಪಾನ ಈ ಕ್ಯಾನ್ಸರಿನ ಅಪಾಯವನ್ನು ಸುಮಾರು ಇಮ್ಮಡಿಗೊಳಿಸುತ್ತದೆ ಎಂಬುದು ಎಲ್ಲ ಕಡೆ ಸಾಬೀತಾದ ಮಾತು. ದಿನಕ್ಕೆ ಎಷ್ಟು ಕಟ್ಟು, ಎಷ್ಟು ವರ್ಷ, ಬಿಟ್ಟದ್ದು ಯಾವಾಗ ಎಂದೆಲ್ಲ ಕೇಳು. ರೋಗಿ ತೀರಿಕೊಂಡು ಹೆಂಡತಿಯೋ ಮಗನೋ ಉತ್ತರ ಕೊಟ್ಟಿದ್ದರೆ ಅದನ್ನೂ ಬೇರೆಯಾಗಿ ಗುರುತು ಹಾಕು.

ರೋಗಿಗಳನ್ನು ಹುಡುಕುವ ನಿನ್ನ ಅಲೆದಾಟದಲ್ಲಿ ಐವತ್ತು ದಾಟಿದ ಯಾರಿಗಾದರೂ ನೋವಿಲ್ಲದ ಕಾಮಾಲೆಯೋ, ತೂಕ ಇಳಿಯುತ್ತಲೇ ಹೊಸದಾಗಿ ಬಂದ ಶುಗರೋ ಕಂಡರೆ, ನಿನ್ನ ಫಾರಂ ತುಂಬಿಸುವುದು ಆಮೇಲೆ, ಮೊದಲು ಸ್ಕ್ಯಾನಿಗೆ ಕಳಿಸು. ಹಾಗೆಯೇ ಪ್ರಶ್ನಾವಳಿ ಅಚ್ಚು ಹಾಕಿಸುವ ಮುನ್ನ ನೋಂದಣಿ ಸಿಬ್ಬಂದಿಯ ಜೊತೆ ಒಂದು ವಾರ ಓಡಾಡಿ ಬಾ. ಹೋಲಿಕೆಯ ಗುಂಪನ್ನು ಎಲ್ಲಿಂದ ತರುತ್ತೀ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸು, ನೋಡಿ ಹೇಳುತ್ತೇನೆ.