ಈ ಏಡಿಗೂ ಹೆಸರು ಐತೇನವ್ವಾ?

ಸಂಜೆ ಹೊತ್ತು. ಗೋವಿನಕೋವಿಯ ಹೆಂಗಸರು ಓದು ಬರಹಕ್ಕೆ ಕೂಡಿದ್ದರು. ಒಬ್ಬ ಅಜ್ಜಿ ಅಂದು ಮೊದಲ ಸಲ ತಮ್ಮ ಹೆಸರನ್ನು ತಾವೇ ಬರೆದರು. ಸ್ಲೇಟನ್ನು ಎಲ್ಲರಿಗೂ ತೋರಿಸಿದರು.

ಅಷ್ಟರಲ್ಲಿ ಒಬ್ಬಾಕೆ ಗದ್ದೆಯಿಂದ ನೇರ ಅಲ್ಲಿಗೇ ಬಂದಳು. ಅವಳ ಬೋಗುಣಿಯಲ್ಲಿ ನಾಲ್ಕು ಏಡಿ ಇದ್ದವು. "ಬದುವಿನ ತುಂಬಾ ಏಡಿ ಬಿಲ ಕಣಕ್ಕ. ಕಟ್ಟಿದ ನೀರೆಲ್ಲ ಸೋರಿ ಹೋಗ್ತದೆ" ಎಂದಳು.

ಅಜ್ಜಿ ಬೋಗುಣಿ ಇಣುಕಿ ನೋಡಿದರು. ಕಲಿಸುವ ಅಕ್ಕನ ಕಡೆ ತಿರುಗಿದರು.

"ನನಗೊಂದು ಹೆಸರೈತೆ. ಬರೆದೆ. ಈ ಏಡಿಗೂ ಹೆಸರು ಐತೇನವ್ವಾ?"

"ಐತೆ ಅಜ್ಜಿ. ಆದರೆ ಹೆಸರೇ ಇಲ್ಲದ ಜೀವಿಗಳೂ ಬಹಳ ಇದಾವೆ. ಇವತ್ತಿನ ಪಾಠ ಅದೇ ಆಗಲಿ" ಎಂದರು ಅಕ್ಕ.

ನೀವೂ ಆ ಪಾಠ ಓದಿ.

ಏಡಿಯ ಬಳಗ

ಏಡಿ ನಿಮಗೆ ಗೊತ್ತು. ಸೀಗಡಿಯೂ ಗೊತ್ತು. ಸಂತೆಯಲ್ಲಿ ಒಣ ಸೀಗಡಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ಇವೆರಡೂ ಒಂದೇ ಬಳಗದವು.

ಈ ಬಳಗದ ಜೀವಿಗಳಿಗೆ ಮೈ ಒಳಗೆ ಎಲುಬು ಇಲ್ಲ. ಮೈ ಮೇಲೆ ಗಟ್ಟಿ ಕವಚ ಇರುತ್ತದೆ. ಕಾಲುಗಳಲ್ಲಿ ಗಿಣ್ಣುಗಳು ಇರುತ್ತವೆ. ತಲೆಯ ಮೇಲೆ ಎರಡು ಜೊತೆ ಮೀಸೆ ಇರುತ್ತವೆ. ಮೈ ಬೆಳೆದಾಗ ಕವಚ ಬಿಗಿಯಾಗುತ್ತದೆ. ಆಗ ಹಳೆ ಕವಚ ಕಳಚಿ ಹೊಸದು ಬರುತ್ತದೆ. ಓದಿದವರು ಇವುಗಳನ್ನು ಕಠಿಣಚರ್ಮಿಗಳು ಎನ್ನುತ್ತಾರೆ. ಅಂದರೆ ಗಟ್ಟಿ ತೊಗಲಿನವು.

ಲೋಕದಲ್ಲಿ ಇಂಥ ಜೀವಿಗಳು ಎಷ್ಟು ಬಗೆ? ಹೆಸರು ಸಿಕ್ಕಿದ ಬಗೆಗಳೇ ಸುಮಾರು 70 ಸಾವಿರ ಇವೆ. ಇವುಗಳಲ್ಲಿ ಹೆಚ್ಚಿನವು ಸಮುದ್ರದಲ್ಲಿವೆ. ಬಹಳಷ್ಟು ತೀರಾ ಸಣ್ಣವು. ಕೆಲವು ಸಾಸಿವೆ ಕಾಳಿಗಿಂತಲೂ ಸಣ್ಣವು.

ಹೆಸರು ಸಿಗದವು ಇನ್ನೂ ಇವೆ. ಪ್ರತಿ ವರ್ಷವೂ ಹೊಸ ಬಗೆಗಳು ಸಿಗುತ್ತಲೇ ಇವೆ.

ಸಣ್ಣದು ಎಂದು ಕಡೆಗಣಿಸಬೇಡಿ

ನಮ್ಮ ತುಂಗಭದ್ರೆ ಹರಿದು ಎಲ್ಲಿಗೆ ಹೋಗುತ್ತಾಳೆ? ಕೂಡ್ಲಿಯಲ್ಲಿ ತುಂಗೆ, ಭದ್ರೆ ಕೂಡುತ್ತಾರೆ. ಹೊಳೆ ಹೊನ್ನಾಳಿ, ಹರಿಹರ ದಾಟುತ್ತದೆ. ಮುಂದೆ ಕೃಷ್ಣೆಯನ್ನು ಸೇರುತ್ತದೆ. ಕೊನೆಗೆ ಬಂಗಾಳ ಕೊಲ್ಲಿ ಎಂಬ ಸಮುದ್ರ ಸೇರುತ್ತದೆ. ನಮ್ಮ ಪಡುವಣ ದಿಕ್ಕಿಗೆ, ಘಟ್ಟದ ಆಚೆ, ಅರಬ್ಬೀ ಸಮುದ್ರ ಇದೆ. ಕಾರವಾರ, ಮಂಗಳೂರು ಅದರ ದಡದಲ್ಲಿವೆ.

ಸಮುದ್ರದ ನೀರಿನಲ್ಲಿ ಕೊಪೆಪಾಡ್ ಎಂಬ ಪುಟ್ಟ ಕಠಿಣಚರ್ಮಿಗಳು ತೇಲುತ್ತವೆ. ಅವು ನೀರಿನ ಹಸಿರು ಪಾಚಿಯ ಕಣಗಳನ್ನು ತಿನ್ನುತ್ತವೆ. ಬಂಗಡೆ, ಬೂತಾಯಿಯಂಥ ಮೀನುಗಳು ಅವನ್ನು ತಿನ್ನುತ್ತವೆ. ಆ ಮೀನನ್ನು ನಾವು ತಿನ್ನುತ್ತೇವೆ. ಕಣ್ಣಿಗೆ ಸರಿಯಾಗಿ ಕಾಣದ ಈ ಜೀವಿ ಇಲ್ಲದಿದ್ದರೆ ಬಂಗಡೆಯೂ ಇಲ್ಲ. ಮೀನು ಮಾರುವ ಹೆಂಗಸಿಗೆ ಕೂಲಿಯೂ ಇಲ್ಲ.

ಇನ್ನು ಕೆಲವು ಕೊಪೆಪಾಡುಗಳು ಮೀನಿನ ಮೈಗೇ ಅಂಟಿಕೊಂಡು ಬದುಕುತ್ತವೆ. ದನಕ್ಕೆ ಉಣ್ಣೆ ಹತ್ತಿದ ಹಾಗೆ. ಮೀನು ಹಸನು ಮಾಡುವಾಗ ಕಿವಿರಿನಲ್ಲಿ ಇಂಥ ಹುಳ ಸಿಗುವುದುಂಟು. ನಾವು ಕಿತ್ತು ಎಸೆಯುತ್ತೇವೆ.

ಎನ್. ಕೃಷ್ಣ ಪಿಳ್ಳೈ ಎಂಬ ವಿಜ್ಞಾನಿ ಕೇರಳದಲ್ಲಿದ್ದರು. ಅವರು ಇಂಥ ಹುಳಗಳನ್ನು ಎಸೆಯಲಿಲ್ಲ. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಯಾರೂ ಹೆಸರಿಡದ ಎಷ್ಟೋ ಬಗೆಗಳನ್ನು ಗುರುತಿಸಿದರು. 1985ರಲ್ಲಿ ಅವರ ದಪ್ಪ ಪುಸ್ತಕ ಅಚ್ಚಾಯಿತು. ಸಮುದ್ರದ ಮೀನುಗಳಿಗೆ ಹತ್ತುವ ಕೊಪೆಪಾಡುಗಳ ವಿವರ ಅದರಲ್ಲಿ ಇದೆ. ಮೀನಿಗೆ ಯಾವ ಹುಳ ಹತ್ತಿದೆ ಎಂದು ತಿಳಿಯಲು ಇಂಥ ಪುಸ್ತಕ ಬೇಕು.

ಹೆಸರು ಇಡುವ ಬಗೆ

"ಹೆಸರು ಇಡೋದು ಏನು ದೊಡ್ಡ ಕೆಲಸ? ತೊಟ್ಟಿಲಿಗೆ ಹಾಕಿ ಕಿವೀಲಿ ಕೂಗಿದರೆ ಆಯ್ತು" ಎಂದರು ಅಜ್ಜಿ.

ಎಲ್ಲರೂ ನಕ್ಕರು. ಆದರೆ ಇಲ್ಲಿ ಅಷ್ಟು ಸುಲಭ ಇಲ್ಲ. ಒಂದೊಂದೇ ಹೆಜ್ಜೆ ನೋಡೋಣ.

ಒಂದು: ಜೀವಿಯನ್ನು ಹಿಡಿಯಬೇಕು. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಎಂದು ಚೀಟಿ ಬರೆಯಬೇಕು. ಚೀಟಿ ಇಲ್ಲದಿದ್ದರೆ ಜೀವಿ ಸಿಕ್ಕೂ ಪ್ರಯೋಜನ ಕಡಿಮೆ.

ಎರಡು: ಅದು ಕೊಳೆಯಬಾರದು. ಅದಕ್ಕೆ ಮದ್ಯಸಾರ ತುಂಬಿದ ಸೀಸೆಯಲ್ಲಿ ಇಡಬೇಕು. ನಾವು ಉಪ್ಪಿನಕಾಯಿಯನ್ನು ಉಪ್ಪಿನಲ್ಲಿ ಇಡುವ ಹಾಗೆ.

ಮೂರು: ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಣ್ಣ ಸೂಜಿಯಿಂದ ಕಾಲುಗಳನ್ನು ಬಿಡಿಸಬೇಕು. ಯಾವ ಕಾಲಿನಲ್ಲಿ ಎಷ್ಟು ಗಿಣ್ಣು, ಎಷ್ಟು ಮುಳ್ಳು, ಎಷ್ಟು ಕೂದಲು ಎಂದು ಎಣಿಸಬೇಕು. ಚಿತ್ರ ಬರೆಯಬೇಕು. ಒಂದು ಮುಳ್ಳು ಹೆಚ್ಚು ಕಡಿಮೆ ಆದರೂ ಅದು ಬೇರೆ ಬಗೆ ಇರಬಹುದು.

ನಾಲ್ಕು: ಹಳೆಯ ಬರಹಗಳನ್ನೆಲ್ಲ ಓದಬೇಕು. ಬೇರೆ ದೇಶದಲ್ಲಿ ಯಾರಾದರೂ ಇದಕ್ಕೆ ಮೊದಲೇ ಹೆಸರು ಇಟ್ಟಿದ್ದಾರೆಯೇ ಎಂದು ಹುಡುಕಬೇಕು. ಮೊದಲು ಇಟ್ಟ ಹೆಸರೇ ಸಾಮಾನ್ಯವಾಗಿ ಉಳಿಯುತ್ತದೆ. ಪ್ರಾಣಿಗಳ ಹೆಸರಿನ ಈ ಲೆಕ್ಕ ಶುರುವಾಗುವುದು 1758ರಿಂದ. ಆ ವರ್ಷ ಸ್ವೀಡನ್ ದೇಶದ ಲಿನೇಯಸ್ ಎಂಬುವರು ಬರೆದ ಪುಸ್ತಕವೇ ಇದಕ್ಕೆ ಬುನಾದಿ.

ಐದು: ಎರಡು ಪದದ ಹೆಸರು ಇಡಬೇಕು. ಮೊದಲನೆಯದು ಮನೆತನದ ಹೆಸರಿನ ಹಾಗೆ. ಎರಡನೆಯದು ಸ್ವಂತ ಹೆಸರಿನ ಹಾಗೆ. ಕಂಡುಹಿಡಿದವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವುದು ಮರ್ಯಾದೆ ಅಲ್ಲ.

ಆರು: ವಿವರ, ಚಿತ್ರ, ಹೆಸರು ಎಲ್ಲವನ್ನೂ ಅಚ್ಚು ಮಾಡಿಸಬೇಕು. ಹೆಸರಿಟ್ಟ ಆ ಜೀವಿಯನ್ನು ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಡಬೇಕು. ನೂರು ವರ್ಷ ಆದ ಮೇಲೂ ಯಾರು ಬೇಕಾದರೂ ಹೋಗಿ ಹೋಲಿಸಿ ನೋಡಬಹುದು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ ಇದೆ. ಇದು 1916ರಲ್ಲಿ ಶುರುವಾಯಿತು. ಇದರ ಮುಖ್ಯ ಕಚೇರಿ ಕೋಲ್ಕತ್ತದಲ್ಲಿದೆ.

ಯಲ್ಲಾಪುರದ ಎರಡು ಬಣ್ಣದ ಏಡಿ

"ಇದೆಲ್ಲ ದೂರದ ಮಾತಾಯ್ತು. ನಮ್ಮ ಕಡೆ ಯಾರಾದ್ರೂ ಹೀಗೆ ಕಂಡಿದಾರಾ?" ಎಂದು ಏಡಿ ತಂದಾಕೆ ಕೇಳಿದಳು.

ಕಂಡಿದ್ದಾರೆ. ಅದು ಸಮುದ್ರದ ಜೀವಿ ಅಲ್ಲ, ಘಟ್ಟದ ಏಡಿ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರದ ಕಾಡಿನಲ್ಲಿ ಸಿಕ್ಕಿತು. ಮೈಮೇಲೆ ಎರಡು ಬಣ್ಣ. ಒಂದು ಬಿಳಿ. ಇನ್ನೊಂದು ಕೆಂಪು ಬೆರೆತ ನೇರಳೆ.

ಅದನ್ನು ಗುರುತಿಸಿದವರಲ್ಲಿ ಪರಶುರಾಮ ಭಜಂತ್ರಿ ಒಬ್ಬರು. ಅವರು ಅರಣ್ಯ ಇಲಾಖೆಯ ಗಾರ್ಡು. ಇನ್ನೊಬ್ಬರು ಗೋಪಾಲಕೃಷ್ಣ ಹೆಗಡೆ. ಅವರು ಕಾಡು ಸುತ್ತಿ ಪ್ರಾಣಿ ಪಕ್ಷಿ ನೋಡುವ ಹವ್ಯಾಸದವರು. ಈ ಏಡಿ ಬೇರೆ ಥರ ಇದೆ ಎಂದು ಅವರಿಗೆ ಅನಿಸಿತು. ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪುಣೆ ಕೇಂದ್ರದ ವಿಜ್ಞಾನಿ ಸಮೀರ್ ಕುಮಾರ್ ಪಾಟಿ ಅದನ್ನು ಪರೀಕ್ಷೆ ಮಾಡಿದರು. ಹಳೆಯ ಏಡಿಗಳ ಜೊತೆ ಹೋಲಿಸಿದರು. ಇದು ಹೊಸ ಬಗೆ ಎಂದು ಖಚಿತವಾಯಿತು.

2022ರಲ್ಲಿ ಅದಕ್ಕೆ 'ಘಾಟಿಯಾನ ದ್ವಿವರ್ಣ' ಎಂಬ ಹೆಸರು ಬಂತು. ಘಾಟಿಯಾನ ಎಂಬುದು ಘಟ್ಟದ ಏಡಿಗಳ ಒಂದು ಕುಲ. ದ್ವಿವರ್ಣ ಎಂದರೆ ಎರಡು ಬಣ್ಣ.

ನೋಡಿದಿರಾ? ಮೊದಲು ಬೇಕಾದದ್ದು ಗಮನಿಸಿ ನೋಡುವ ಕಣ್ಣು. ಏಡಿಯನ್ನು ತಿರುವಿ ಹಾಕಿದರೆ ಹೆಣ್ಣೋ ಗಂಡೋ ನಿಮಗೂ ತಿಳಿಯುತ್ತದೆ. ಹೊಟ್ಟೆಯ ಮೇಲಿನ ಮಡಿಕೆ ಅಗಲ ಇದ್ದರೆ ಹೆಣ್ಣು. ಕಿರಿದಾಗಿದ್ದರೆ ಗಂಡು. ವಿಜ್ಞಾನಿಯೂ ಅಲ್ಲಿಂದಲೇ ಶುರು ಮಾಡುತ್ತಾರೆ.

ತಾಯಿಗೊಂದು ಹೆಸರು, ಮರಿಗೊಂದು ಹೆಸರು

ವಿಜ್ಞಾನಿಗಳೂ ತಪ್ಪು ಮಾಡುತ್ತಾರೆ. ಸಮುದ್ರದ ಹೆಣ್ಣು ಏಡಿ ಮೊಟ್ಟೆಗಳನ್ನು ಹೊಟ್ಟೆಯ ಅಡಿಯಲ್ಲಿ ಹೊತ್ತಿರುತ್ತದೆ. ಮೊಟ್ಟೆ ಒಡೆದು ಬಂದ ಮರಿ ತಾಯಿಯ ಹಾಗೆ ಇರುವುದಿಲ್ಲ. ದೊಡ್ಡ ಕಣ್ಣು, ಬೆನ್ನಿನ ಮೇಲೆ ಉದ್ದ ಮುಳ್ಳು, ಹಿಂದೆ ಬಾಲ. ನೀರಿನಲ್ಲಿ ತೇಲುತ್ತಾ ಇರುತ್ತದೆ.

ಬಹಳ ಹಿಂದೆ ಇದನ್ನು ನೋಡಿದವರು ಬೇರೆಯೇ ಜೀವಿ ಎಂದು ತಿಳಿದರು. 'ಜೋಯಿಯಾ' ಎಂದು ಬೇರೆ ಹೆಸರೂ ಇಟ್ಟರು. ಸುಮಾರು 200 ವರ್ಷದ ಹಿಂದೆ ಥಾಂಪ್ಸನ್ ಎಂಬುವರು ಇದನ್ನು ಸರಿಪಡಿಸಿದರು. ಜೋಯಿಯಾ ಬೇರೆ ಪ್ರಾಣಿ ಅಲ್ಲ, ಏಡಿಯ ಮರಿ ಎಂದು ತೋರಿಸಿದರು.

ಸಿಹಿನೀರಿನ ಏಡಿ ಹೀಗಲ್ಲ. ಅದರ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಬರುತ್ತದೆ. ಸ್ವಲ್ಪ ದಿನ ತಾಯಿಯೇ ಮರಿಗಳನ್ನು ಹೊತ್ತು ತಿರುಗುತ್ತದೆ. ಮರಿಗಳು ತೇಲಿಕೊಂಡು ದೂರ ಹೋಗುವುದಿಲ್ಲ. ಅದಕ್ಕೇ ಒಂದು ಗುಡ್ಡದ ಏಡಿ ಇನ್ನೊಂದು ಗುಡ್ಡದಲ್ಲಿ ಇಲ್ಲದೆ ಇರಬಹುದು. ಆ ಗುಡ್ಡದ ಕಲ್ಲು ಒಡೆದರೆ, ಝರಿ ಬತ್ತಿದರೆ, ಆ ಬಗೆಯೇ ಇಲ್ಲವಾಗಬಹುದು. ಹೆಸರು ಬರೆದಿಡದಿದ್ದರೆ, ಹೋದದ್ದು ಯಾವುದು ಎಂದೂ ಯಾರಿಗೂ ತಿಳಿಯುವುದಿಲ್ಲ.

ಹೆಸರು ತಿಳಿದಿದ್ದಕ್ಕೆ ರೋಗ ಹೋಯಿತು

"ಏಡಿಗೆ ಹೆಸರು ಇಟ್ಟರೆ ನಮ್ಮ ಹೊಟ್ಟೆ ತುಂಬ್ತದಾ?" ಎಂದಳು ಮೂಲೆಯಲ್ಲಿ ಕುಳಿತ ಒಬ್ಬ ಸೊಸೆ.

ಅಜ್ಜಿಯೇ ಉತ್ತರ ಕೊಟ್ಟರು. "ನಾರುಹುಣ್ಣು ಅಂತ ಕೇಳೀಯೇನವ್ವಾ? ಕಾಲಲ್ಲಿ ಬೊಕ್ಕೆ ಎದ್ದು ದಾರದಂಥ ಹುಳ ಬರ್ತಿತ್ತಂತೆ. ಬಿತ್ತನೆ ಹೊತ್ತಿಗೆ ಬಂದರೆ ಆ ವರ್ಷ ಕೂಲೀನೇ ಇಲ್ಲ."

ಅದು ನಿಜ. ಕರ್ನಾಟಕದ ಹಲವು ಊರುಗಳಲ್ಲಿ ನಾರುಹುಣ್ಣು ಇತ್ತು. ಜನ ಅದನ್ನು ಶಾಪ ಎಂದರು. ಪಾಪದ ಫಲ ಎಂದರು. ನಿಜವಾದ ಕಾರಣ ಕುಡಿಯುವ ನೀರಿನಲ್ಲಿತ್ತು.

ಆ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿ ಇರುತ್ತದೆ. ಇದೂ ಏಡಿಯ ಬಳಗದ್ದೇ. ಸಮುದ್ರದ ಕೊಪೆಪಾಡಿನ ಸೋದರಿ ಎನ್ನಬಹುದು. ಇದಕ್ಕೆ ಒಂದೇ ಕಣ್ಣು. ಗ್ರೀಸ್ ದೇಶದ ಹಳೆ ಕಥೆಗಳಲ್ಲಿ ಒಂಟಿ ಕಣ್ಣಿನ ರಾಕ್ಷಸರು ಬರುತ್ತಾರೆ. ಅವರ ಹೆಸರನ್ನೇ ಇದಕ್ಕೆ ಇಟ್ಟರು. ತಾಯಿ ಸೈಕ್ಲಾಪ್ಸ್ ಎರಡು ಮಗ್ಗುಲಲ್ಲಿ ಎರಡು ಮೊಟ್ಟೆ ಚೀಲ ಹೊತ್ತು ಈಜುತ್ತದೆ.

ಕಾಲಿನಲ್ಲಿ ಹುಣ್ಣು ಇದ್ದವರು ಮೆಟ್ಟಿಲು ಬಾವಿಗೆ ಇಳಿಯುತ್ತಿದ್ದರು. ಹುಣ್ಣಿನಲ್ಲಿದ್ದ ಹುಳ ನೀರಿಗೆ ಮರಿ ಬಿಡುತ್ತಿತ್ತು. ಸೈಕ್ಲಾಪ್ಸ್ ಆ ಮರಿಯನ್ನು ತಿನ್ನುತ್ತಿತ್ತು. ಜನ ಅದೇ ನೀರು ಕುಡಿಯುತ್ತಿದ್ದರು. ಸುಮಾರು ಒಂದು ವರ್ಷಕ್ಕೆ ಅವರ ಕಾಲಿನಲ್ಲೂ ಹುಳ ಹೊರಗೆ ಬರುತ್ತಿತ್ತು.

ಯಾವ ಜೀವಿಯಿಂದ ರೋಗ ಬರುತ್ತದೆ ಎಂದು ಗೊತ್ತಾಯಿತು. ಆಗ ದಾರಿಯೂ ಗೊತ್ತಾಯಿತು. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಬೇಕು. ಹುಣ್ಣಿದ್ದವರು ಕುಡಿಯುವ ನೀರಿಗೆ ಇಳಿಯಬಾರದು. ಮೆಟ್ಟಿಲು ಬಾವಿ ಬಿಟ್ಟು ಬೋರಿನ ನೀರು ಕುಡಿಯಬೇಕು. ಸರ್ಕಾರ 1980ರ ದಶಕದಲ್ಲಿ ದೇಶದಲ್ಲೆಲ್ಲ ಈ ಕೆಲಸ ಶುರು ಮಾಡಿತು. ಮನೆ ಮನೆಯಲ್ಲಿ ನೀರು ಸೋಸಿದವರು ಹೆಂಗಸರು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಸಿಕ್ಕಿದರು. 2000ದಲ್ಲಿ ಭಾರತಕ್ಕೆ ನಾರುಹುಣ್ಣಿನಿಂದ ಮುಕ್ತ ದೇಶ ಎಂಬ ಪ್ರಮಾಣಪತ್ರ ಬಂತು.

ಒಂದು ಮಾತು ನೆನಪಿಡಿ. ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ನಿಲ್ಲುತ್ತದೆ. ವಾಂತಿ ಭೇದಿ ತರುವ ರೋಗಾಣುಗಳನ್ನು ತಡೆಯಲು ಅದು ಸಾಲದು. ಅದಕ್ಕೆ ನೀರನ್ನು ಕುದಿಸಿ, ಆರಿಸಿ ಕುಡಿಯಬೇಕು.

ಪಾಠ ಮುಗಿಯಿತು

ಮೂಲೆಯ ಸೊಸೆ ಬೋಗುಣಿ ಹತ್ತಿರ ಬಂದು ಏಡಿಗಳನ್ನು ನೋಡಿದಳು. "ಇದರಲ್ಲಿ ಒಂದಕ್ಕೆ ಹೊಟ್ಟೆ ಅಡಿ ಮರಿ ಇದಾವೆ ಕಣಕ್ಕ" ಎಂದಳು.

"ಹಾಗಾದ್ರೆ ಅದನ್ನ ಹೊಳೆ ದಡಕ್ಕೆ ಬಿಟ್ಟು ಬಾ. ಗದ್ದೆ ಬದುವಿಗೆ ಮಾತ್ರ ಬಿಡಬೇಡ" ಎಂದಳು ಏಡಿ ತಂದಾಕೆ.

ಅಜ್ಜಿ ಸ್ಲೇಟು ತೆಗೆದುಕೊಂಡರು. ತಮ್ಮ ಹೆಸರಿನ ಕೆಳಗೆ ನಿಧಾನವಾಗಿ 'ಏಡಿ' ಎಂದು ಬರೆದರು. "ಅದರ ದೊಡ್ಡ ಹೆಸರು ನಾಳೆ ಹೇಳಿಕೊಡವ್ವಾ" ಎಂದರು.

ಓದಿ, ಬರೆಯಿರಿ
ಏಡಿ, ಸೀಗಡಿ, ಕವಚ, ಗಿಣ್ಣು, ಕಿವಿರು, ಸೂಕ್ಷ್ಮದರ್ಶಕ, ಸಂಗ್ರಹಾಲಯ, ನಾರುಹುಣ್ಣು

ಉತ್ತರ ಹೇಳಿ
1. ಹೆಣ್ಣು ಏಡಿಯನ್ನು ಹೇಗೆ ಗುರುತಿಸುತ್ತೀರಿ?
2. ಜೀವಿ ಸಿಕ್ಕಾಗ ಚೀಟಿಯಲ್ಲಿ ಏನೇನು ಬರೆಯಬೇಕು?
3. ದ್ವಿವರ್ಣ ಎಂದರೆ ಏನು?
4. ನಾರುಹುಣ್ಣು ಹೇಗೆ ಹರಡುತ್ತಿತ್ತು?

ಮಾಡಿ ನೋಡಿ
ಗಾಜಿನ ಲೋಟದಲ್ಲಿ ಕೆರೆಯ ನೀರು ತುಂಬಿ. ಬೆಳಕಿಗೆ ಹಿಡಿಯಿರಿ. ಸಣ್ಣ ಬಿಳಿ ಚುಕ್ಕೆಗಳು ಜಿಗಿಜಿಗಿದು ಈಜುತ್ತಿವೆಯೇ? ನೀವು ಕಂಡದ್ದನ್ನು ಎರಡು ಸಾಲು ಬರೆಯಿರಿ. ಕೆಳಗೆ ಊರಿನ ಹೆಸರು, ತಾರೀಕು, ನಿಮ್ಮ ಹೆಸರು ಬರೆಯಿರಿ. ಆಮೇಲೆ ಕೈ ತೊಳೆಯಿರಿ.